ಸಂಘದವರು ಅಂಗಳಕ್ಕೆ ಬಂದ ದಿನ

2012ರ ಬೇಸಿಗೆ. ಸಮುದ್ರ ಪಕ್ಕದಲ್ಲೇ ಇದ್ದರೂ ನಮ್ಮ ತ್ರಾಸಿಯಲ್ಲಿ ಆಗ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅಂಥ ಸೆಖೆಯಲ್ಲಿ ನಾನು ಮೊಣಕೈಯವರೆಗೆ ಉದ್ದ ಕೈಯ ರವಿಕೆ ಹೊಲಿಸಿಕೊಂಡು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಹೊಸ ಫ್ಯಾಶನ್ನಾ ಎಂದು ಕೇಳಿದವರಿಗೆ ಹೌದೆಂದು ನಗುತ್ತಿದ್ದೆ. ನೀಲಿಗಟ್ಟಿದ ತೋಳು ಯಾರಿಗೂ ಕಾಣಬಾರದಿತ್ತು.

ನಮ್ಮ ಮನೆಯವರು ಆಂಬುಲೆನ್ಸ್ ಚಾಲಕರು. ಹಿಂದಿನ ಮಳೆಗಾಲದಲ್ಲಿ ಮರವಂತೆ ಹತ್ತಿರ ಕಾರೊಂದು ಮಗುಚಿತ್ತು. ಬಾಗಿಲು ಸಿಕ್ಕಿಕೊಂಡಿತ್ತು. ಒಳಗಿದ್ದ ಹೆಂಗಸಿನ ತೋಳು ಹಿಡಿದು ಇವರು ಹೊರಗೆ ಎಳೆಯುತ್ತಿರುವಾಗಲೇ ಆಕೆಯ ಜೀವ ಹೋಯಿತು. ಮನೆಗೆ ಬಂದವರು ಸ್ನಾನ ಮಾಡಿ ಗಂಜಿ ಉಂಡರು. ನನಗೆ ಗೊತ್ತಾದದ್ದು ಅವರ ಜೊತೆ ಕೆಲಸ ಮಾಡುವ ನರ್ಸ್ ಹೇಳಿದ ಮೇಲೆ.

ಆಮೇಲೆ ಶುರುವಾಯಿತು. ಪಾಳಿ ಮುಗಿಸಿ ಬಂದು, ಹಗಲಿರಲಿ ರಾತ್ರಿಯಿರಲಿ, ಮಲಗಿದರೆ ನಿದ್ದೆಯಲ್ಲೇ ಎದ್ದು, ನನ್ನ ತೋಳು ಹಿಡಿದು ಚಾಪೆಯಿಂದ ಬಾಗಿಲವರೆಗೆ ಎಳೆಯುತ್ತಿದ್ದರು. "ಬಾಗ್ಲ್ ತೆಗಿ, ಬಾಗ್ಲ್ ತೆಗಿ" ಎಂದು ಕೂಗುತ್ತಿದ್ದರು. ಎಚ್ಚರವಾದ ಮೇಲೆ ನನ್ನ ಕೈ ನೋಡಿ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಬೇರೆ ಕೋಣೆಯಲ್ಲಿ ಮಲಗು ಎನ್ನುತ್ತಿದ್ದರು. ಹೇಗೆ ಮಲಗಲಿ? ಒಮ್ಮೆ ಅದೇ ಮಂಪರಿನಲ್ಲಿ ಹೆದ್ದಾರಿಗೆ ಇಳಿದುಬಿಟ್ಟಿದ್ದರು. ಹಾಗಾಗಿ ಬಾಗಿಲಿಗೆ ಅಡ್ಡ ಮಲಗುವುದು ನನ್ನ ಕೆಲಸವಾಯಿತು; ಅವರು ಹಗಲು ಮಲಗುವ ದಿನ ಫ್ಯಾಕ್ಟರಿಗೆ ರಜೆ. ನಿದ್ದೆ ಎಂಬುದು ನನಗೂ ಇರಲಿಲ್ಲ.

"ಯಾರಿಗೂ ಹೇಳ್ಬೇಡ. ತಲಿ ಸಮ ಇಲ್ಲದವ್ನ ಕೈಗೆ ಯಾರ್ ಗಾಡಿ ಕೊಡ್ತ್ರ್?" ಎಂದು ಮಾತು ತೆಗೆದುಕೊಂಡಿದ್ದರು. ನಾನೂ ಕೊಟ್ಟಿದ್ದೆ.

ನಮ್ಮ ಹೆಂಗಸರ ಸಂಘದಲ್ಲಿ ಒಂದು ಕಟ್ಟುಪಾಡು ಇತ್ತು. ಸದಸ್ಯೆಯ ಮೇಲೆ ಗಂಡ ಕೈ ಮಾಡಿದರೆ ಎಲ್ಲರೂ ಒಟ್ಟಾಗಿ ಆ ಮನೆಯ ಅಂಗಳಕ್ಕೆ ಹೋಗಿ ನಾಲ್ಕು ಜನರೆದುರು ಕೇಳುವುದು. ನಾನೂ ಹಾಗೆ ಹೋದವಳೇ, ಎಲ್ಲರಿಗಿಂತ ಜೋರು ಬಾಯಿ ನನ್ನದೇ. ಒಂದು ದಿನ ಫ್ಯಾಕ್ಟರಿಯಲ್ಲಿ ಬುಟ್ಟಿ ಎತ್ತುವಾಗ ರವಿಕೆಯ ತೋಳು ಮೇಲೇರಿ, ಸಂಘದ ಅಧ್ಯಕ್ಷೆ ಗಿರಿಜಕ್ಕ ನೀಲಿ ಗುರುತು ಕಂಡರು. ಬಾವಿಕಟ್ಟೆಯಲ್ಲಿ ಜಾರಿದೆ ಎಂದೆ. ಪೆಟ್ಟು ತಿಂದ ಹೆಂಗಸರೆಲ್ಲ ಹೇಳುವುದು ಅದನ್ನೇ.

ಭಾನುವಾರ ಬೆಳಿಗ್ಗೆ ಸಂಘದವರೆಲ್ಲ ಬಂದಾಗ ಇವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಬೇಲಿಯಾಚೆ ಅಕ್ಕಪಕ್ಕದವರೂ ನಿಂತರು.

"ಹ್ವಾಯ್, ನೀವ್ ಹೆಂಡ್ತಿಗ್ ಹೊಡುದ್ ಹೌದಾ?" ಗಿರಿಜಕ್ಕ ನೇರ ಕೇಳಿದರು.

ಇವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಹೌದ್. ನಾನೇ ಹೊಡ್ದದ್" ಎಂದರು.

"ಕುಡ್ಕಂಡಾ?"

"ಹೌದ್."

ನಾಲಿಗೆಗೆ ಒಂದು ಹನಿ ಸೋಕಿಸದ ಮನುಷ್ಯ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹಾಗೆಯೇ ಮುಗಿದುಹೋಗುತ್ತಿತ್ತೇನೋ, ಆದರೆ ಗಿರಿಜಕ್ಕ, "ಕುಡ್ಕನ ಕೈಗೆ ಆಂಬುಲೆನ್ಸ್ ಕೊಡುದಾ? ನಿಮ್ ಆಪೀಸಿಗ್ ಹೇಳ್ದೆ ಬಿಡುದಿಲ್ಲ" ಎಂದರು. ಇವರು ತಲೆ ತಗ್ಗಿಸಿ ಅದಕ್ಕೂ ಒಪ್ಪಿದವರಂತೆ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಹೊಡ್ದದ್ ಅಲ್ಲ ಗಿರಿಜಕ್ಕ. ಕಾರಿಂದ ನನ್ನ ಹೊರ್ಗ್ ಎಳ್ದದ್."

ಯಾರಿಗೂ ಅರ್ಥವಾಗಲಿಲ್ಲ. ಹೇಳಲು ಹೊರಟವಳು ಎಲ್ಲವನ್ನೂ ಹೇಳಿದೆ. ಮರವಂತೆಯ ಕಾರು, ಕೂಗುವುದು, ಅಳುವುದು, ಹೆದ್ದಾರಿಗೆ ಇಳಿದದ್ದು, ಒಂದನ್ನೂ ಬಿಡಲಿಲ್ಲ. ಅರ್ಧದಲ್ಲಿ ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. "ಗಂಡನ್ ಉಳ್ಸುಕೆ ಎಂತೆಂತ ಕಥಿ ಕಟ್ತೆ ನೀನ್" ಎಂದು ಹಿಂದಿನಿಂದ ಒಬ್ಬಳು ನಕ್ಕಳು. ಇವರು ಹೊಡೆದೆ ಎಂದಾಗ ಒಂದೇ ಮಾತಿಗೆ ಎಲ್ಲರೂ ನಂಬಿದ್ದರು. ನಿದ್ದೆಯಲ್ಲಿ ಹೆದರುತ್ತಾರೆ ಎಂದು ನಂಬಿಸಲು ನಾನು ಊರೆದುರು ರವಿಕೆಯ ತೋಳು ಮಡಚಿ ಬೆರಳಿನ ಗುರುತು ತೋರಿಸಬೇಕಾಯಿತು.

ಗಿರಿಜಕ್ಕ ಹತ್ತಿರ ಬಂದು ಗುರುತು ನೋಡಿದರು. ಬಾಕಿಯವರಿಗೆ ಹೋಗಿ ಎಂದು ಹೇಳಿ ಜಗಲಿಯಲ್ಲಿ ಕೂತರು. ಗಂಡನ ವಿಷಯ ಕೇಳುತ್ತಾರೆ ಅಂದುಕೊಂಡಿದ್ದೆ. "ನೀನ್ ನಿದ್ದಿ ಮಾಡ್ದೆ ಎಷ್ಟ್ ದಿನ ಆಯ್ತ್ ಹೆಣ್ಣೇ?" ಎಂದರು. ಅಷ್ಟು ತಿಂಗಳಲ್ಲಿ ನನ್ನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ನಾನು ಎದ್ದು ಮುಖ ತೊಳೆಯುವವರೆಗೂ ಅವರು ಅಲ್ಲೇ ಕೂತಿದ್ದರು.

ಮರುದಿನದಿಂದ ಇವರು ಮಲಗುವ ಹೊತ್ತಿಗೆ ಸಂಘದ ಯಾರಾದರೊಬ್ಬರು ಜಗಲಿಗೆ ಬಂದು, ಮೀನು ಹೆಚ್ಚುತ್ತಲೋ ಹೂ ಕಟ್ಟುತ್ತಲೋ ಬಾಗಿಲು ಕಾಯುತ್ತಿದ್ದರು. ನಾನು ಗಿರಿಜಕ್ಕನ ಮನೆಯಲ್ಲಿ ಮಲಗಿ ಬರುತ್ತಿದ್ದೆ. ಮೊದಲ ದಿನ ಬೆಳಿಗ್ಗೆ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಕುಂದಾಪುರದ ಡಾಕ್ಟರ ಹತ್ತಿರ ಹೋಗಲು ಮಾತ್ರ ಇವರು ಸುಲಭಕ್ಕೆ ಒಪ್ಪಲಿಲ್ಲ. "ಊರೆದ್ರು ನನ್ ಮಾನ ತೆಗ್ದ್ಯಲ್ಲ" ಎಂದವರು ಬಹಳ ದಿನ ನನ್ನೊಡನೆ ಮಾತೇ ಆಡಲಿಲ್ಲ. ಒಂದು ದಿನ ತಾವಾಗಿಯೇ ಅಂಗಿ ಹಾಕಿಕೊಂಡು, "ನಡಿ, ಹೋಪ" ಎಂದರು. ಇಂಥ ಕೆಲಸದವರಿಗೆ ಹೀಗಾಗುವುದುಂಟು, ಹುಚ್ಚಲ್ಲ ಎಂದು ಡಾಕ್ಟರು ಹೇಳಿದರು. ಗುಣವಾಗಲು ವರ್ಷ ದಾಟಿತು. ಇವರು ಈಗಲೂ ಆಂಬುಲೆನ್ಸ್ ಓಡಿಸುತ್ತಾರೆ.

ಆದರೆ ಅವರು ಅಷ್ಟು ಕಾಪಾಡಿಕೊಂಡದ್ದನ್ನು ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿದವಳು ನಾನೇ. ಬೇರೆ ದಾರಿ ಇರಲಿಲ್ಲ ಎಂದು ಗೊತ್ತು. ಗೊತ್ತಿದ್ದರೂ ಆ ಅಂಗಳ ನೆನಪಾದರೆ ಇಂದಿಗೂ ಮೈ ಹಿಡಿಯಷ್ಟಾಗುತ್ತದೆ. ಮೊನ್ನೆ ಊಟಕ್ಕೆ ಕೂತಾಗ ಧೈರ್ಯ ಮಾಡಿ, ಆವತ್ತಿನ ಸಿಟ್ಟು ಇನ್ನೂ ಇದೆಯಾ ಎಂದು ಕೇಳಿದೆ.

"ಸಿಟ್ಟ್ ಇಲ್ಲೆ. ನಾಚ್ಕಿ ಹೋಯ್ಲಿಲ್ಲ, ಆದ್ರೆ ಈಗ ನಿದ್ದಿ ಬತ್ತ್" ಎಂದರು.

ನನಗೂ ಹಾಗೆಯೇ.