ಹಿಂದೆ ಸರಿಯುವ ಹಕ್ಕು

ನಮ್ಮತ್ತೆ ಜಗಳೂರು ಕಡೆಯವರು. ಎದುರಿಗೆ ಯಾರಾದರೂ ಮಾತಾಡ್ತಿದ್ದರೆ ನಡುನಡುವೆ ಹೂಂ ಅನ್ನೋದು ಅವರ ಮರ್ಯಾದೆ. ಕೇಳ್ತಾ ಇದೀನಿ ಅಂತ ಅದರರ್ಥ, ಅಷ್ಟೇ. ಚನ್ನಗಿರಿಯಲ್ಲಿರೋ ನಾದಿನಿ ಫೋನಿನಲ್ಲಿ ಗಂಡನ್ನ ಬಯ್ದರೂ ಹೂಂ, ಆ ಗಂಡ ಫೋನ್ ಕಸಿದುಕೊಂಡು ಅವಳನ್ನ ಬಯ್ದರೂ ಹೂಂ. ಇಂಥ ಹೂಂ ಹಿಡಕೊಂಡು ಸಂಶೋಧನೆ ಮಾಡಾಕೆ ಹೊರಟವರನ್ನೂ ನೋಡಿದೆ.

ಸಕ್ಕರೆ ಕಾಯಿಲೆಗೆ ಅತ್ತೆಯ ಕಾಲಲ್ಲಿ ಹುಣ್ಣಾಗಿ, ನ್ಯಾಮತಿಯ ನಮ್ಮ ಮನೆಯಿಂದ ಹೊನ್ನಾಳಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನಾನು ಬನ್ನು ತರಾಕೆ ಹೋಗಿ ಬರೋದರೊಳಗೆ ಪಟ್ಟಿ ಬಿಚ್ಚಿ, ನರ್ಸಿಂಗ್ ಓದೋ ಹುಡುಗಿಯೊಬ್ಬಳು ಮೊಬೈಲಲ್ಲಿ ಹುಣ್ಣಿನ ಫೋಟೋ ತೆಗೀತಿದ್ಲು. ಪಕ್ಕದಲ್ಲಿ ಅವಳಿಗೆ ಪಾಠ ಹೇಳೋ ಮೇಡಂ. ಹೊಸ ಥರದ ಪಟ್ಟಿ ಕಟ್ಟಿದ್ರೆ ಹುಣ್ಣು ಬೇಗ ಮಾಯುತ್ತಾ ಅಂತ ನೋಡೋ ಅಧ್ಯಯನವಂತೆ.

"ಅವರನ್ನ ಕೇಳಿದ್ರಾ?" ಅಂದೆ.

"ಎಲ್ಲಾ ವಿವರಿಸಿದೀವಿ. ಹೂಂ ಅಂದ್ರು," ಅಂದ್ರು ಮೇಡಂ.

ನನಗೆ ಮೈಯೆಲ್ಲಾ ಉರೀತು. "ಅವರು ಟಿವಿಗೂ ಹೂಂ ಅಂತಾರೆ. ನನ್ನೆದುರಿಗೆ ಇನ್ನೊಂದ್ಸಲ ಹೇಳ್ರಿ."

ಮೇಡಂ ಗಂಟಲು ಸರಿಮಾಡಿಕೊಂಡ್ರು. "ಅಜ್ಜಿ, ನಿಮ್ಮ ಪಾಲ್ಗೊಳ್ಳುವಿಕೆ ಸಂಪೂರ್ಣ ಸ್ವಯಂಪ್ರೇರಿತ. ಯಾವುದೇ ಹಂತದಲ್ಲಿ ನೀವು ಹಿಂದೆ ಸರಿಯಬಹುದು."

ಸ್ವಯಂಪ್ರೇರಿತಕ್ಕೆ ಎಂದಿನ ಹೂಂ ಬಂತು. ಹಿಂದೆ ಸರಿಯೋದು ಮಾತ್ರ ಅತ್ತೆಗೆ ಚೆನ್ನಾಗಿ ಅರ್ಥವಾಯ್ತು. ಎರಡೂ ಕೈ ಊರಿ, ಹಲ್ಲು ಕಚ್ಚಿ, ಆ ಹುಣ್ಣಿನ ಕಾಲನ್ನ ಎಳಕೊಂಡು ಮಂಚದ ಮೇಲೆ ಹಿಂದಕ್ಕೆ ಸರಿದರು. ಬೆನ್ನು ಗೋಡೆಗೆ ತಾಗಿತು.

"ಸಾಕೇನವ್ವ? ಇನ್ನೂ ಸರೀಬೇಕಾ?"

ಹುಡುಗಿ ಫೋನು ಕೆಳಗಿಳಿಸಿದಳು. ಮೇಡಂ ಮಾತ್ರ, "ನೋಡಿ, ಎಷ್ಟು ಸಹಕಾರ ಕೊಡ್ತಾರೆ," ಅಂದ್ರು. ಭಲೇ ಮೇಡಂ. ಇಷ್ಟು ಓದೋಕೆ ಎಷ್ಟು ಕಷ್ಟಪಟ್ಟಿದ್ದರೋ ಏನೋ.

ನಾನೇ ಮಂಚದ ಮೇಲೆ ಕೂತೆ. "ಅತ್ತೆ, ಇವರು ತಮ್ಮ ಓದಿಗೋಸ್ಕರ ನಿಮ್ಮ ಕಾಲಿಗೆ ಹೊಸ ಪಟ್ಟಿ ಕಟ್ಟಿ ನೋಡ್ತಾರಂತೆ. ವಾಸಿ ಆದ್ರೂ ಆಗಬಹುದು, ಆಗದೇನೂ ಇರಬಹುದು. ಬ್ಯಾಡ ಅಂದ್ರೆ ಹಳೇ ಪಟ್ಟೀನೇ ಕಟ್ತಾರೆ. ಇಲ್ಲೇ ಇರಬಹುದು, ಯಾರೂ ಬಯ್ಯಲ್ಲ."

ಈ ಸಲ ಹೂಂ ಬರಲಿಲ್ಲ. ಅತ್ತೆ ಮೇಡಮ್ಮನ ಮುಖ ನೋಡಿದ್ರು, ಆಮೇಲೆ ನನ್ನ ಮುಖ. "ಹಂಗಾದ್ರೆ ಬ್ಯಾಡ," ಅಂದ್ರು ಮೆಲ್ಲಗೆ.

ಸೊಸೆಯಾಗಿ ಬಂದಾಗಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಹಿಗ್ಗಿಹೋದೆ. ಮೇಡಂ ಕಡೆ ತಿರುಗಿ ಚೆನ್ನಾಗಿ ನಾಲ್ಕು ಮಾತು ಆಡಾಣ ಅಂತ ಬಾಯಿ ತೆರೆದೆ.

ಹಿಂದೆ ಸದ್ದಾಯ್ತು. ಅತ್ತೆ ಮಂಚದಿಂದ ಇಳಿದು, ಪಟ್ಟಿಯಿಲ್ಲದ ಕಾಲನ್ನ ಬರೀ ನೆಲದ ಮೇಲೆ ಊರಿಕೊಂಡು, ತಟ್ಟೆ ಲೋಟ ಚೀಲಕ್ಕೆ ತುಂಬ್ತಿದ್ರು.

"ನಡಿಯವ್ವ," ಅಂದ್ರು. "ಬ್ಯಾಡ ಅಂದಮ್ಯಾಲೆ ಇಲ್ಲಿ ಯಾರು ಇಟ್ಕಂತಾರೆ?"