ತವರಿನ ಸೀರೆಗೆ ಎಷ್ಟು ಗಂಟೆ

ನಮ್ಮ ಗಂಜಾಮಿನ ಮೇಲೆ ವಿಮಾನ ಹಾರಿದರೆ ನಾನು ಕೈ ಮುಗಿಯುತ್ತೇನೆ. ಮಗಳು ನಗುತ್ತಾಳೆ. ಗರುಡನನ್ನು ಕಂಡರೆ ಮುಗಿಯುವುದಿಲ್ಲವೇ? ಒಳಗೆ ಯಾರ ತಮ್ಮ ಕೂತಿದ್ದಾನೋ.

ನನ್ನ ತಮ್ಮ ನೈರೋಬಿಯಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಕಳೆದ ಕಾರ್ತೀಕದಲ್ಲಿ, ಕೆ.ಆರ್. ಪೇಟೆಗೆ ಕೊಟ್ಟಿದ್ದ ನಮ್ಮಕ್ಕ ಬೆಳಗಿನ ಪೂಜೆಗೆ ಹೂ ಬಿಡಿಸುತ್ತಿದ್ದವಳು ಅಲ್ಲೇ ಕುಸಿದು ಹೋಗಿಬಿಟ್ಟಳು. ನರಳಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆದರೆ ಮುತ್ತೈದೆ ಸತ್ತರೆ ತವರಿನಿಂದ ಸೀರೆ ಬರಬೇಕು; ಅದನ್ನು ಹೊದಿಸದೆ ಹೆಣ ಎತ್ತುವಂತಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತವರೆಂದರೆ ತಮ್ಮನೊಬ್ಬನೇ. ನಾನೂ ಬೇರೆ ಮನೆಗೆ ಕೊಟ್ಟ ಹೆಣ್ಣು, ಲೆಕ್ಕಕ್ಕಿಲ್ಲ.

ಮಗಳು ಫೋನು ನೋಡಿ, "ನೈರೋಬಿಯಿಂದ ಬೆಂಗ್ಳೂರು ಐದು ಸಾವಿರ ಕಿಲೋಮೀಟ್ರು ಹತ್ರ ಕಣಮ್ಮ, ಆರು ಗಂಟೆ ಹಾರಾಟ" ಎಂದಳು. ಆರೇ ಗಂಟೆ! ಅಕ್ಕನ ಮನೆಗೆ ಬಂದವರಿಗೆಲ್ಲ, "ಹೊತ್ತು ಮುಳುಗೋದ್ರೊಳ್ಗೆ ಬತ್ತಾನೆ, ತಡೀರಿ" ಎಂದು ಸಾರಿದೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಬಂದವಳಿಗೆ ವಿಮಾನವನ್ನೂ ಬದಲಾಯಿಸಬೇಕಾಗಬಹುದು ಎಂದು ಹೊಳೆಯಲಿಲ್ಲ.

ಮಧ್ಯಾಹ್ನ ತಮ್ಮನ ಫೋನು ಬಂತು. "ನೇರ ಬರೋ ಇಮಾನ ಇಲ್ಲ ಕಣಕ್ಕ. ದುಬೈಲಿ ಇಳ್ದು ಕಾಯ್ಬೇಕು. ನಾಳೆ ಮಧ್ಯಾನ ಆಯ್ತದೆ" ಎಂದು ಅತ್ತ. ಮಗಳ ಫೋನು ಹೇಳಿದ್ದು ಇಲ್ಲದ ವಿಮಾನದ ಗಂಟೆ. ಗಜೇಂದ್ರ ಮೊರೆಯಿಟ್ಟಾಗ ವೈಕುಂಠ ಎಷ್ಟು ದೂರವೆಂದು ಯಾರೂ ಅಳೆಯಲಿಲ್ಲ. ಸ್ವಾಮಿ ಗರುಡನನ್ನೇರಿ ಬಂದೇಬಿಟ್ಟ. ಅವನ ದಾರಿಯಲ್ಲಿ ದುಬೈ ಇರಲಿಲ್ಲ.

"ರಾತ್ರಿಯೆಲ್ಲ ಮಡಗ್ಬಾರ್ದು ಕಣವ್ವ. ಅಂಗಂತ ಬರಿಗೈಲಿ ಕಳ್ಸೋದಾ?" ಎಂದರು ಭಾವನ ದೊಡ್ಡಮ್ಮ. ಆಗ ಭಾವ ಎದ್ದುಹೋಗಿ ಪೆಟ್ಟಿಗೆಯಿಂದ ಒಂದು ಸೀರೆ ತಂದರು. ಗೌರಿ ಹಬ್ಬದ ಬಾಗಿನಕ್ಕೆಂದು ತಮ್ಮ ಯಾರ ಕೈಯಲ್ಲೋ ಕಳಿಸಿದ್ದು. ಮಡಿಕೆ ಬಿಚ್ಚಿರಲಿಲ್ಲ.

"ತಮ್ಮ ಬಂದಾಗ ಉಡ್ತೀನಿ ಅಂತ ಮಡಗಿದ್ಲು," ಎಂದರು ಭಾವ.

ದೊಡ್ಡಮ್ಮ ಸೆರಗು ಸವರಿ ನೋಡಿದರು. "ತವರಿಂದ್ಲೇ ಬಂದದ್ದಲ್ವಾ? ಮುಂಚೇನೇ ಬಂದೈತೆ ಬುಡು. ಹೊದ್ಸವ್ವ" ಎಂದು, ಲೆಕ್ಕಕ್ಕಿಲ್ಲದ ನನ್ನ ಕೈಗೇ ಕೊಟ್ಟರು.

ಮರುದಿನ ತಮ್ಮ ಬಂದ. ಬೂದಿ ಇನ್ನೂ ಬೆಚ್ಚಗಿತ್ತು. ದಾರಿಯಲ್ಲಿ ಕೊಂಡ ಸೀರೆಯನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಮಡಿಲಿಗೆ ಹಾಕಿದ. ಸಾವಿಗೆಂದು ತಂದದ್ದನ್ನು ಉಡಬಹುದೇ ಎಂದು ನಾನು ಹಿಂಜರಿದೆ. "ಉಟ್ಬುಡಕ್ಕ. ನೀನೂ ಪೆಟ್ಟಿಗೇಲಿ ಮಡಗ್ಬೇಡ" ಎಂದ.

ಸೂತಕ ಕಳೆದ ಮೇಲೆ ನಿಮಿಷಾಂಬೆಯ ಪಾದಕ್ಕೆ ಮುಟ್ಟಿಸಿಕೊಂಡು ಬಂದು ಉಟ್ಟೆ. ಈಗ ಅಡುಗೆಮನೆಯಲ್ಲೂ ಅದೇ. ಅರಿಸಿನದ ಕಲೆಯಾಗಿದೆ, ಅಂಚು ಸವೆದಿದೆ. ಬೇಗ ಹರಿಯಲಿ ಎಂದೇ ಉಡುತ್ತೇನೆ. ಹರಿದರೆ ಅವನು ಇನ್ನೊಂದು ತರಲೇಬೇಕು. ಎಷ್ಟು ಗಂಟೆ ಹಿಡಿದರೂ ಸರಿ. ಆ ಸೀರೆಗೆ ಹೊತ್ತು ಮುಳುಗುವ ಅವಸರವಿಲ್ಲ.