ಟೆಕ್ಲಾ ಬಳಿದ ಏಳು ಮನೆ

ಸುಣ್ಣಕ್ಕೆ ನೀಲಿ ಬೆರೆಸುವುದು ಎಲ್ಲರ ಕೈಗೂ ಹತ್ತುವ ಕೆಲಸವಲ್ಲ. ಒಂದು ಚಿಟಿಕೆ ಹೆಚ್ಚಾದರೆ ಗೋಡೆ ಕಪ್ಪಿಡುತ್ತದೆ, ಕಡಿಮೆಯಾದರೆ ಒಣಗಿದ ಮೇಲೆ ಬರೀ ಬಿಳಿ. ನಮ್ಮ ವೋಲಾ ಊರಿನಲ್ಲಿ ಆ ಹದ ಗೊತ್ತಿದ್ದವಳು ಪಕ್ಕದ ಮನೆಯ ಟೆಕ್ಲಾ ಒಬ್ಬಳೇ. ಬಟ್ಟೆಗೆ ಹಾಕುವ ನೀಲಿಯನ್ನು ಕೆನೆ ತೆಗೆದ ಹಾಲಿನಲ್ಲಿ ಕದಡಿ ಸುಣ್ಣಕ್ಕೆ ಸುರಿದಳೆಂದರೆ ಗೋಡೆಗೆ ಅಗಸೆ ಹೂವಿನ ತಿಳಿನೀಲಿ ಬರುತ್ತಿತ್ತು.

ಮನೆಯಲ್ಲಿ ಹುಡುಗಿ ಮದುವೆಗೆ ಬಂದ ವರ್ಷ, ಈಸ್ಟರ್‌ಗೆ ಮುಂಚೆ, ಬೀದಿ ಕಡೆಯ ಗೋಡೆಗೆ ಆ ಬಣ್ಣ ಬಳಿಸುವುದು ನಮ್ಮ ಪದ್ಧತಿ. ಸಂಬಂಧ ಕೇಳುವವರು ಕಂಕುಳಲ್ಲಿ ವೋಡ್ಕಾ ಸೀಸೆ ಇಟ್ಟುಕೊಂಡು ಗೋಡೆ ನೋಡಿಕೊಂಡೇ ಬರುತ್ತಿದ್ದರು. ಮಾತು ಗಟ್ಟಿಯಾದ ದಿನ ಗೋಡೆ ಮತ್ತೆ ಬಿಳಿ. ಎಷ್ಟು ಹುಡುಗಿಯರ ಗೋಡೆ ಬಳಿದಿದ್ದಳೋ ಟೆಕ್ಲಾ! ಬಾಯಿ ಮಾತ್ರ ಸುಣ್ಣಕ್ಕಿಂತ ಸುಡುವಂಥದ್ದು. "ಗೋಡೆ ಚೆನ್ನಾಗಿ ಮಾಡ್ಕೊಟ್ಟಿದೀನಿ, ಮೂತಿ ನೀನೇ ನೋಡ್ಕೋ ತಾಯಿ" ಎಂದು ಹುಡುಗಿಯ ಎದುರಿಗೇ ಹೇಳುವಳು. ಗಂಡ ಸತ್ತಾಗ ಮಗಳು ಬ್ರೊನ್ಕಾಗೆ ಮೂರು ವರ್ಷ. ಬೇರೆಯವರ ಗೋಡೆ ಬಳಿದೇ ಅವಳನ್ನು ಸಾಕಿದಳು.

ಬ್ರೊನ್ಕಾಗೆ ಹದಿನೇಳು ತುಂಬಿದ್ದು ಯುದ್ಧ ಹೂಡಿ ಜರ್ಮನರು ನಮ್ಮ ದೇಶಕ್ಕೆ ನುಗ್ಗಿದ ಮೇಲಿನ ಮೂರನೆಯ ವಸಂತದಲ್ಲಿ. ಅಂಗಡಿಯಲ್ಲಿ ನೀಲಿಯೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಟೆಕ್ಲಾ ಹಳೆಯ ಪೊಟ್ಟಣವೊಂದನ್ನು ಬಚ್ಚಿಟ್ಟಿದ್ದಳು. ಅದರಲ್ಲೇ ತನ್ನ ಮನೆಯನ್ನೂ ಊರಿನ ಇನ್ನಾರು ಮನೆಗಳನ್ನೂ ಬಳಿದಳು. ಅವುಗಳಲ್ಲಿ ನಮ್ಮದೂ ಒಂದು. ನನ್ನ ತಂಗಿ ಸ್ಟೆಫ್ಕಾಗೆ ಆಗ ಹದಿನೆಂಟು.

"ಈ ಕಾಲದಲ್ಲಿ ಇದೆಲ್ಲ ಯಾಕೆ ಚಿಕ್ಕಮ್ಮಾ?" ಎಂದೆ.

"ಜರ್ಮನ್ ಬಂದ ಅಂತ ಹುಡ್ಗೀರು ಬೆಳೆಯೋದು ನಿಲ್ಸ್ತಾರೇನೇ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಆ ಬೇಸಿಗೆಯಲ್ಲಿ ಹೊಲಕ್ಕೂ ಕಾರ್ಖಾನೆಗೂ ಜನ ಬೇಕೆಂದು ಜರ್ಮನಿಗೆ ಹಿಡಿದೊಯ್ಯುವುದು ಶುರುವಾಯಿತು. ನಮ್ಮ ಊರ ಮುಖಂಡ ಒಳ್ಳೆಯವನು, ಜರ್ಮನರು ಕೇಳಿದ ಪಟ್ಟಿಯಲ್ಲಿ ಹುಡುಗಿಯರ ಹೆಸರನ್ನೇ ಬರೆದಿರಲಿಲ್ಲ. ಯಾರಾದರೂ ಕೇಳಿದರೆ ಮನೆಯಲ್ಲಿ ಹುಡುಗಿಯೇ ಇಲ್ಲವೆನ್ನುವುದು ಎಂದು ಎಲ್ಲರೂ ಮಾತಾಡಿಕೊಂಡೆವು. ಎಂಥ ಬುದ್ಧಿವಂತರು ನಾವು! ಬಾಗಿಲಲ್ಲಿ ಇಲ್ಲ ಎನ್ನಲು ತಯಾರಾದೆವು, ಗೋಡೆ ಇದೆ ಎನ್ನುತ್ತಿರುವುದು ಒಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಗೋಡೆ, ಯಾರು ತಿರುಗಿ ನೋಡುತ್ತಾರೆ?

ಜುಲೈ ತಿಂಗಳ ಒಂದು ಬುಧವಾರ ಟೆಕ್ಲಾ ಮೊಟ್ಟೆ ಮಾರಲು ರುಡ್ನಿಕ್‌ಗೆ ಹೋದವಳು ಮಧ್ಯಾಹ್ನಕ್ಕೇ ವಾಪಸು ಬಂದಳು. ನೀರೂ ಕುಡಿಯದೆ ಸುಣ್ಣ ಕಲಸಿ, ಸುಡುಬಿಸಿಲಲ್ಲಿ ತನ್ನ ನೀಲಿ ಗೋಡೆಗೆ ಬಿಳಿ ಬಳಿಯತೊಡಗಿದಳು. ನಾನು ನನ್ನ ಕೂಸನ್ನು ಎತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದೆ.

"ಏನ್ ಚಿಕ್ಕಮ್ಮಾ, ಸದ್ದಿಲ್ದೆ ಗೊತ್ತು ಮಾಡ್ಬಿಟ್ರಾ? ಹುಡುಗ ಯಾವೂರವನು?"

"ಹೊಳೆ ಆಚೆಯವನು" ಎಂದಳು. ತಿರುಗಿ ನೋಡಲಿಲ್ಲ.

"ಕಳ್ಳಿ ಕಣ್ರೀ ನೀವು! ವೋಡ್ಕಾ ನಮಗೂ ಇಡಿ" ಎಂದು ನಕ್ಕೆ. ಒಳಗೆ ಹೋಗಿ ಅಮ್ಮನಿಗೂ ಸ್ಟೆಫ್ಕಾಗೂ ಹೇಳಿದೆ. ಮುಂದಿನ ಸರದಿ ನಿಂದೇ ಎಂದು ಸ್ಟೆಫ್ಕಾಳ ಜಡೆ ಎಳೆದೆ. ಅವಳು ಕೆಂಪಾದಳು.

ಮರುದಿನ ಬೆಳಿಗ್ಗೆ ಎರಡು ಲಾರಿ ಬಂದವು. ಜರ್ಮನರ ಜೊತೆಗಿದ್ದ ದುಭಾಷಿ ನಮ್ಮ ಸೀಮೆಯಲ್ಲೇ ಹುಟ್ಟಿದವನು. ಅವನು ಯಾರನ್ನೂ ಏನೂ ಕೇಳಲಿಲ್ಲ. ಬೀದಿಯಲ್ಲಿ ನಡೆಯುತ್ತ ನೀಲಿ ಗೋಡೆಗಳ ಕಡೆ ಬೆರಳು ತೋರಿಸುತ್ತ ಹೋದ. ನಮ್ಮ ಮನೆಯಲ್ಲಿ ಅಮ್ಮ ಹುಡುಗಿಯೇ ಇಲ್ಲವೆಂದು ಶಿಲುಬೆ ಮುಟ್ಟಿ ಆಣೆ ಮಾಡಿದಳು. "ಹಂಗಾದ್ರೆ ಈ ನೀಲಿ ನಿಂಗೇನಜ್ಜಿ? ನೀನೇನು ಮದ್ವೆ ಆಗ್ತೀಯಾ?" ಎಂದ. ಸ್ಟೆಫ್ಕಾಳನ್ನು ಅಟ್ಟದ ಹುಲ್ಲಿನಿಂದ ಎಳೆದು ತಂದರು. ಆರು ಮನೆ, ಆರು ಹುಡುಗಿಯರು. ಮೊಲೆಕೂಸು ಇದ್ದ ನನ್ನನ್ನು ಬಿಟ್ಟರು. ಟೆಕ್ಲಾಳ ಬಿಳಿ ಮನೆಯ ಮುಂದೆ ಅವನು ನಿಲ್ಲಲೂ ಇಲ್ಲ.

ಭಾನುವಾರ ಚರ್ಚಿನಲ್ಲಿ ರುಡ್ನಿಕ್‌ನ ನನ್ನ ಸೋದರತ್ತೆ ಸಿಕ್ಕಳು. "ಬುಧವಾರ ನಮ್ಮೂರಲ್ಲೂ ಹಿಂಗೇ, ನೀಲಿ ನೋಡ್ಕೊಂಡೇ ಹಿಡಿದ್ರು. ಟೆಕ್ಲಾ ಅಲ್ಲೇ ನಿಂತು ನೋಡಿದ್ಲಲ್ಲೇ, ಬಂದು ಹೇಳ್ಲಿಲ್ವಾ?" ಎಂದಳು.

ನೇರ ಟೆಕ್ಲಾಳ ಅಂಗಳಕ್ಕೆ ಹೋದೆ. "ನಾನು ಬೇಲಿ ಆಚೆ ನಿಂತಿದ್ನಲ್ಲ ಚಿಕ್ಕಮ್ಮಾ! ಒಂದು ಮಾತು ಹೇಳಕ್ಕೆ ನಾಲಿಗೆ ಬಿದ್ದುಹೋಗಿತ್ತಾ?"

"ಏಳು ಮನೆ ಒಂದೇ ದಿನ ಬೆಳ್ಳಗಾದ್ರೆ ಆ ದುಭಾಷಿಗೆ ತಿಳಿಯಲ್ವಾ ಯೂಲ್ಕಾ? ಕೆರೆದು ನೋಡಿರೋನು. ಏಳೂ ಹೋಗಿರೋವು."

"ನಮ್ಮನೆಗಾದ್ರೂ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಟೆಕ್ಲಾಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಳಿದ್ದರೆ ಬಾವಿಯ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುವರು. ಆದರೆ ಹೊಳೆಯಾಚೆಯ ಸಂಬಂಧದ ಕತೆಯನ್ನೇ ನಂಬಿದ್ದ ಬ್ರೊನ್ಕಾಗೆ ಯಾರೂ ಕಾರಣ ಹೇಳಲಿಲ್ಲ. "ಮಗು ಏನು ಮಾಡ್ತು? ಅದರ ಮುಂದೆ ಬಾಯಿ ಬಿಡಬೇಡ" ಎಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಮಗಳನ್ನು ಕಳೆದುಕೊಂಡವಳೇ ಹೀಗೆಂದಮೇಲೆ ಬೇರೆಯವರೂ ಸುಮ್ಮನಾದರು.

ಯುದ್ಧ ಮುಗಿದಾಗ ನಾಲ್ವರು ಬಂದರು. ಸ್ಟೆಫ್ಕಾ ಬರಲಿಲ್ಲ. ಕಾರ್ಖಾನೆಯ ಮೇಲೆ ಬಾಂಬು ಬಿದ್ದ ದಿನ ಅವಳು ಒಳಗಿದ್ದಳೆಂದು ಬಂದವರು ಹೇಳಿದರು.

ಮರುವರ್ಷ ಬ್ರೊನ್ಕಾಗೆ ಮದುವೆ ಗೊತ್ತಾಯಿತು. ಮದುಮಗಳು ಮನೆಮನೆಗೆ ಹೋಗಿ ಕಾಲು ಮುಟ್ಟಿ ಕರೆಯಬೇಕು. ಊರೆಲ್ಲ ಸುತ್ತಿ ಕೊನೆಗೆ ನನ್ನ ಬಾಗಿಲಿಗೆ ಬಂದಳು. ಅಮ್ಮ ಹೊಲದಲ್ಲಿದ್ದಳು.

"ಯಾರೂ ಬರ್ತೀನಿ ಅಂತಿಲ್ಲ ಅಕ್ಕಾ. ನಾವು ಏನು ತಪ್ಪು ಮಾಡಿದೀವಿ? ನೀನಾದ್ರೂ ಹೇಳು."

ಅವಳ ತಲೆಯಲ್ಲಿ ಹೂವಿತ್ತು. ಸ್ಟೆಫ್ಕಾಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸಾಗಿರುತ್ತಿತ್ತು. ಹೇಳಿಬಿಟ್ಟೆ. ಬುಧವಾರ, ರುಡ್ನಿಕ್, ಸುಣ್ಣ, ಹೊಳೆಯಾಚೆಯ ಹುಡುಗ, ಒಂದನ್ನೂ ಬಿಡಲಿಲ್ಲ. ಅವಳು ಒಂದು ಹನಿ ಕಣ್ಣೀರೂ ಹಾಕಲಿಲ್ಲ, ಎದ್ದು ಹೋದಳು.

ಮದುವೆಯ ಬೆಳಿಗ್ಗೆ, ಚರ್ಚಿಗೆ ಹೊರಡುವ ಮುಂಚೆ ಮಗಳು ತಾಯಿಯ ಮುಂದೆ ಮೊಣಕಾಲೂರಿ ಆಶೀರ್ವಾದ ಪಡೆಯಬೇಕು. ಟೆಕ್ಲಾ ತೀರ್ಥದ ಬಟ್ಟಲು ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಬ್ರೊನ್ಕಾ ಅವಳ ಪಕ್ಕದಿಂದಲೇ ಹಾದು ಗಾಡಿ ಹತ್ತಿದಳು. ಗಂಡನ ಜೊತೆ ಯುದ್ಧದ ನಂತರ ಜರ್ಮನರಿಂದ ನಮಗೆ ಸಿಕ್ಕ ಪಶ್ಚಿಮದ ಹೊಸ ಸೀಮೆಗೆ ಹೋದವಳು ಒಂದು ಕಾಗದವನ್ನೂ ಬರೆಯಲಿಲ್ಲ. ಟೆಕ್ಲಾ ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದಳು.

ಆ ಬೆಳಿಗ್ಗೆ ಗಾಡಿ ಹೊರಟ ಮೇಲೂ ಆಶೀರ್ವಾದಕ್ಕೆಂದು ಟೆಕ್ಲಾ ಎತ್ತಿದ್ದ ಕೈ ಹಾಗೇ ಇತ್ತು. ನಾನು ಬೇಲಿಯ ಈಚೆ ನಿಂತು ನೋಡಿದೆ. ನನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.